ಏಳು ವಾರದಿಂದ ಹಾವು ಇಲಿ ಮುಟ್ಟಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಹತ್ತಿರ ಒಂದು ಬಾಲ್ ಪೈಥಾನ್ ಇದೆ, ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು. ಗಂಡು, ಮೂರು ವರ್ಷ. ನೋಂದಣಿ ಮಾಡಿಸಿದ್ದೇನೆ. ತುಮಕೂರಿನಲ್ಲಿದ್ದಾಗ ಹತ್ತು ಹನ್ನೆರಡು ದಿನಕ್ಕೊಂದು ಇಲಿ ತಪ್ಪದೆ ತಿನ್ನುತ್ತಿತ್ತು. ನವೆಂಬರ್ ಕೊನೆಯಲ್ಲಿ ಚಿಂತಾಮಣಿ ಹತ್ತಿರದ ನಮ್ಮ ಹಳ್ಳಿ ಮನೆಗೆ ಬಂದೆವು. ಕಲ್ಲು ಚಪ್ಪಡಿ ಮನೆ. ಬಂದು ಏಳು ವಾರ ಆಯ್ತು, ಒಂದು ಸಲವೂ ತಿಂದಿಲ್ಲ. ಮೂರು ದಿನಕ್ಕೊಮ್ಮೆ ಇಲಿ ಕೊಟ್ಟು ನೋಡುತ್ತಿದ್ದೇನೆ. ನಾಲಿಗೆ ಚಾಚಿ ನೋಡಿ ತಲೆ ತಿರುಗಿಸುತ್ತದೆ. ನೀರು ಕುಡಿಯುತ್ತದೆ. ಅಮ್ಮ ಹಾಲು ಇಟ್ಟು ನೋಡು ಅಂತಾರೆ. ಹಾವು ಸಾಕುವ ಪರಿಚಯದವರೊಬ್ಬರು ಬಾಯಿ ಬಿಡಿಸಿ ತುರುಕು ಅಂದರು. ಭಯ ಆಗ್ತಿದೆ. ಏನು ಮಾಡಲಿ?

ಉತ್ತರ: ತುರುಕುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಹಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೂ ಮೊದಲು ಕೇಳುವುದು ‘ಊಟ ಆಯ್ತಾ’ ಅಂತಲೇ. ನಾನು ಕೋಲಾರದ ಕಡೆ ಪಶುವೈದ್ಯ. ಹಸು ಒಂದು ಹೊತ್ತು ಮೇವು ಬಿಟ್ಟರೆ ರಾತ್ರಿಯೇ ನನಗೆ ಫೋನ್ ಬರುತ್ತದೆ. ಬರಲೂ ಬೇಕು. ಹಸು ಮೇವು ಬಿಟ್ಟರೆ ಒಳಗೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಹಾವಿನ ಲೆಕ್ಕ ಬೇರೆ. ಆರೋಗ್ಯವಾಗಿರುವ, ಬೆಳೆದ ಬಾಲ್ ಪೈಥಾನ್ ಎರಡು ಮೂರು ತಿಂಗಳು ಏನೂ ತಿನ್ನದೆ ಇರಬಲ್ಲದು. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ ಅದು. ಹಾಗಂತ ಸುಮ್ನೆ ಕೂರಿ ಅಂತ ಹೇಳುತ್ತಿಲ್ಲ. ಅದು ಯಾಕೆ ಬಿಟ್ಟಿದೆ ಅಂತ ಹುಡುಕಬೇಕು. ನೀವು ಬರೆದದ್ದನ್ನು ನೋಡಿದರೆ ಕಾರಣ ಹಾವಿನ ಒಳಗಿಲ್ಲ, ನಿಮ್ಮ ಹೊಸ ಮನೆಯಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಚಿಂತಾಮಣಿ ಅಂದಮೇಲೆ ನಿಮ್ಮ ಅಕ್ಕಪಕ್ಕ ರೇಷ್ಮೆ ಹುಳು ಸಾಕುವವರು ಇದ್ದೇ ಇರುತ್ತಾರೆ. ಅವರನ್ನು ಒಂದು ಮಾತು ಕೇಳಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಚರ್ಮ ಕಳಚಲು ಕೂತಾಗ, ಸೊಪ್ಪು ಹಾಕುತ್ತೀರಾ ಅಂತ. ಹಾಕುವುದಿಲ್ಲ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ನಾಲ್ಕು ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಳೇ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ತಿನ್ನುತ್ತದೆ. ಸಾಕುವವರು ಆಗ ಗಾಬರಿಯಾಗುವುದಿಲ್ಲ. ಆದರೆ ಸಾಕುವ ಮನೆಯ ಶಾಖ ಇಳಿದರೆ ಮಾತ್ರ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಗೋಡೆಗೆ ಥರ್ಮಾಮೀಟರ್ ತೂಗುಹಾಕಿ ಗಂಟೆಗೊಮ್ಮೆ ನೋಡುತ್ತಾರೆ. ಹಾವು ಸಾಕುವವರಿಗೂ ಅದೇ ಕಣ್ಣು ಬೇಕು.

ಶಾಖದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲದರ ಬೇರು ಅಲ್ಲೇ ಇದೆ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಾವಿನ ಮೈಗೆ ಬಿಸಿ ಹೊರಗಿನಿಂದ ಬರಬೇಕು. ಬಿಸಿ ಇಲ್ಲದಿದ್ದರೆ ಹೊಟ್ಟೆಯ ಜೀರ್ಣರಸ ಕೆಲಸ ಮಾಡುವುದಿಲ್ಲ. ಇಡೀ ಇಲಿ ಒಳಗೆ ಹೋಗಿ ಅರಗದಿದ್ದರೆ ಅಲ್ಲೇ ಕೊಳೆಯುತ್ತದೆ. ಎರಡು ಮೂರು ದಿನ ಬಿಟ್ಟು ಹಾವು ಅದನ್ನು ಕಕ್ಕುತ್ತದೆ. ಅದರ ವಾಸನೆ ಒಮ್ಮೆ ಕುಡಿದವರು ಮರೆಯುವುದಿಲ್ಲ. ಕಕ್ಕಿದ ಹಾವು ತಿನ್ನದ ಹಾವಿಗಿಂತ ಜಾಸ್ತಿ ಸೊರಗುತ್ತದೆ.

ಇನ್ನೊಂದು ಸಂಗತಿ ಇದೆ. ಬರ್ಮಾದ ಹೆಬ್ಬಾವಿನ ಮೇಲೆ ವಿಜ್ಞಾನಿಗಳು ನೋಡಿರುವುದು ಇದು. ಊಟ ಇಲ್ಲದ ದಿನಗಳಲ್ಲಿ ಅದರ ಕರುಳು ಕುಗ್ಗಿ ತೆಳ್ಳಗಾಗಿರುತ್ತದೆ. ಬೇಟೆ ನುಂಗಿದ ಎರಡು ಮೂರು ದಿನದಲ್ಲಿ ಅದೇ ಕರುಳು ಎರಡರಷ್ಟು ತೂಕಕ್ಕೆ ಬೆಳೆಯುತ್ತದೆ. ಹೃದಯ ಕೂಡ ಸುಮಾರು 40 ಪರ್ಸೆಂಟ್ ದಪ್ಪವಾಗುತ್ತದೆ. ಅರಗಿಸಿ ಮುಗಿದ ಮೇಲೆ ಎಲ್ಲವೂ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಅಡುಗೆಯವರು ಬಂದು ಒಲೆ ಹೂಡಿ, ಊಟ ಮುಗಿದ ಮೇಲೆ ಒಲೆ ಕಿತ್ತು ಹೋಗುತ್ತಾರಲ್ಲ, ಹಾಗೆ. ಸೌದೆ ಇಲ್ಲದ ಜಾಗದಲ್ಲಿ ಯಾರೂ ಒಲೆ ಹೂಡುವುದಿಲ್ಲ. ತಣ್ಣಗಿರುವ ಹಾವು ಇಲಿ ಬೇಡ ಅನ್ನುವುದೂ ಅದಕ್ಕೇ. ಅದರ ದೇಹ ಸರಿಯಾಗೇ ಲೆಕ್ಕ ಹಾಕುತ್ತಿದೆ.

ಈಗ ನಿಮ್ಮ ಮನೆ ನೋಡೋಣ. ಚಪ್ಪಡಿ ಮನೆಯಲ್ಲಿ ನಾನೂ ಹುಟ್ಟಿ ಬೆಳೆದವನು. ಬೇಸಿಗೆಯಲ್ಲಿ ರಾತ್ರಿಯೂ ಕಾವು, ಚಳಿಗಾಲದಲ್ಲಿ ಕಲ್ಲು ಮುಟ್ಟಿದರೆ ಐಸ್. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 13–14 ಡಿಗ್ರಿಗೆ ಇಳಿಯುತ್ತದೆ. ನಿಮ್ಮ ಹಾವಿನ ಮೂಲ ಆಫ್ರಿಕಾದ ಪಶ್ಚಿಮ ಭಾಗ. ಘಾನಾ, ಟೋಗೋ, ಬೆನಿನ್ ದೇಶಗಳ ಹುಲ್ಲುಗಾವಲು. ಅದನ್ನು ಇಟ್ಟಿರುವ ಡಬ್ಬದ ಒಂದು ತುದಿ 31–32 ಡಿಗ್ರಿ ಇರಬೇಕು. ಇನ್ನೊಂದು ತುದಿ 26–27 ಇರಬೇಕು, ಬಿಸಿ ಹೆಚ್ಚಾದಾಗ ಸರಿದುಕೊಳ್ಳಲು. ರಾತ್ರಿ ಎಷ್ಟೇ ಇಳಿದರೂ 24ಕ್ಕಿಂತ ಕೆಳಗೆ ಹೋಗಬಾರದು.

‘ಹೀಟ್ ಮ್ಯಾಟ್ ಇದೆ ಸಾರ್’ ಅಂತ ಎಲ್ಲರೂ ಹೇಳುತ್ತಾರೆ. ನೀವೂ ಹೇಳಬಹುದು. ಡಬ್ಬದ ಅಡಿ ಇಡುವ ಆ ಕರೆಂಟಿನ ಬಿಸಿ ಹಾಸು ತುಮಕೂರಿನ ಬೆಚ್ಚಗಿನ ರೂಮಿನಲ್ಲಿ ಸಾಕಾಗುತ್ತಿತ್ತು. ಇಲ್ಲಿ ಸಾಲುವುದಿಲ್ಲ. ಡಬ್ಬವನ್ನು ಕಲ್ಲು ನೆಲದ ಮೇಲೆ ಇಟ್ಟಿದ್ದರಂತೂ ಅರ್ಧ ಬಿಸಿಯನ್ನು ನೆಲವೇ ಹೀರಿಕೊಳ್ಳುತ್ತದೆ. ಮರದ ಮೇಜಿನ ಮೇಲೆ ಇಡಿ. ಹೊರಗೋಡೆಯಿಂದ ಎರಡು ಅಡಿ ದೂರ ಸರಿಸಿ. ಡಬ್ಬದ ಮೂರು ಕಡೆಗೆ ಹೊರಗಿನಿಂದ ಥರ್ಮಾಕೋಲ್ ಹಾಳೆ ಅಂಟಿಸಿ. ಗಾಳಿಯಾಡುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್ ನಂಬಬೇಡಿ, ಅದು ಗಾಜಿನ ಬಿಸಿ ಹೇಳುತ್ತದೆ. ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ತಂತಿಯ ತುದಿಯನ್ನು ಹಾವು ಮಲಗುವ ಜಾಗದಲ್ಲೇ ಇಡಿ. ಮ್ಯಾಟಿಗೆ ಥರ್ಮೋಸ್ಟ್ಯಾಟ್, ಅಂದರೆ ಬಿಸಿ ಮಿತಿ ಮೀರಿದರೆ ತಾನಾಗಿ ಆರಿಸುವ ಸಾಧನ, ಹಾಕಲೇಬೇಕು. ಇಲ್ಲದಿದ್ದರೆ ಕೆಳಹೊಟ್ಟೆ ಸುಡುತ್ತದೆ. ಹಾವಿಗೆ ಸುಟ್ಟದ್ದು ಬೇಗ ಗೊತ್ತಾಗುವುದಿಲ್ಲ, ಅಲ್ಲೇ ಮಲಗಿರುತ್ತದೆ. ಹೊಟ್ಟೆಯ ಹುರುಪೆ ಕೆಂಪಾಗಿ ಎದ್ದು ಬಂದ ಹಾವುಗಳನ್ನು ನೋಡಿದ್ದೇನೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಕರೆಂಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಸಣ್ಣ ಮ್ಯಾಟು ತಿನ್ನುವ ಕರೆಂಟು ಬಹಳ ಕಡಿಮೆ, ಮನೆಯ ಯುಪಿಎಸ್‌ಗೆ ಸೇರಿಸಿಬಿಡಿ. ಅದಿಲ್ಲದಿದ್ದರೆ ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಟವೆಲ್ ಸುತ್ತಿ ಒಳಗಿಡಿ, ಡಬ್ಬದ ಮೇಲೆ ಕಂಬಳಿ ಹೊದಿಸಿ. ಹುಳುಮನೆಯಲ್ಲಿ ಇಡುವ ಇದ್ದಿಲ ಕೆಂಡವನ್ನು ಮಾತ್ರ ಮುಚ್ಚಿದ ಕೋಣೆಗೆ ತರಬೇಡಿ. ಆ ಹೊಗೆ ಹಾವಿಗೂ ಆಗದು, ನಿಮಗೂ ಆಗದು. ಸೊಳ್ಳೆ ಬತ್ತಿ, ಫಿನಾಯಿಲ್ ಕೂಡ ಆ ಕೋಣೆಯಲ್ಲಿ ಬೇಡ.

ಎರಡನೆಯದು ಸ್ಥಳ ಬದಲಾವಣೆ. ಹಾವು ಜಗತ್ತನ್ನು ತಿಳಿಯುವುದೇ ನಾಲಿಗೆಯಿಂದ. ವಾಸನೆಯೆಲ್ಲ ಹೊಸದು ಅಂದರೆ ಅದಕ್ಕೆ ಕಾಡು ಬದಲಾದ ಹಾಗೆ. ಬಾಲ್ ಪೈಥಾನ್ ಹೆದರಿದಾಗ ತಲೆಯನ್ನು ನಡುವೆ ಇಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಹೆಸರು ಬಂದಿದ್ದೇ ಅದರಿಂದ. ಅಷ್ಟು ಅಂಜುಬುರುಕ ಜೀವಿ. ಹಳ್ಳಿಯಲ್ಲಿ ಹಾವು ಸಾಕಿದ ಮನೆ ಅಂದರೆ ನೋಡಲು ಬರುವವರು ಎಷ್ಟು ಜನ ಅಂತ ನನಗೆ ಗೊತ್ತು. ಒಬ್ಬರು ಗಾಜು ತಟ್ಟುತ್ತಾರೆ, ಇನ್ನೊಬ್ಬರು ಕತ್ತಿಗೆ ಹಾಕಿಕೊಂಡು ರೀಲ್ಸ್ ಮಾಡಬೇಕು ಅಂತಾರೆ. ಇದೆಲ್ಲ ಎರಡು ವಾರ ಪೂರ್ತಿ ನಿಲ್ಲಲಿ. ನೀವೂ ಎತ್ತಬೇಡಿ. ನೀರು ಬದಲಿಸುವುದು, ಹೊಲಸು ತೆಗೆಯುವುದು, ವಾರಕ್ಕೊಂದು ತೂಕ, ಅಷ್ಟೇ. ಅಡಗುವ ಜಾಗ ಎರಡು ಬೇಕು, ಬಿಸಿ ತುದಿಗೆ ಒಂದು, ತಂಪು ತುದಿಗೆ ಒಂದು. ಮಣ್ಣಿನ ಕುಡಿಕೆಯನ್ನು ಬೋರಲು ಹಾಕಿ, ಬಾಯಂಚಿನಲ್ಲಿ ಹಾವು ನುಗ್ಗುವಷ್ಟು ಒಡೆದು, ಅಂಚು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ನಮಗೆ ಇಕ್ಕಟ್ಟು ಅನ್ನಿಸುವುದೇ ಅದಕ್ಕೆ ನೆಮ್ಮದಿ.

ಮೂರು ದಿನಕ್ಕೊಮ್ಮೆ ಇಲಿ ತೋರಿಸುತ್ತಿದ್ದೀರಿ ಅಂದಿರಿ. ಪ್ರೀತಿಯಿಂದಲೇ ಮಾಡಿದ್ದೀರಿ, ಆದರೆ ಇದು ತಿರುಗುಬಾಣ. ಪ್ರತಿ ಸಲವೂ ಡಬ್ಬ ತೆರೆಯುತ್ತದೆ, ಮುಖದ ಮುಂದೆ ಏನೋ ಅಲ್ಲಾಡುತ್ತದೆ, ಹಾವು ಇನ್ನಷ್ಟು ಮುದುಡುತ್ತದೆ. ಶಾಖ ಸರಿಮಾಡಿ, ಹತ್ತು ದಿನ ಏನೂ ಕೊಡಬೇಡಿ. ಆಮೇಲೂ ಹತ್ತು ದಿನಕ್ಕೆ ಒಂದೇ ಸಲ.

ಕಾಲದ ಮಾತೂ ಇದೆ. ಬೆಳೆದ ಗಂಡು ಬಾಲ್ ಪೈಥಾನ್‌ಗಳು ಚಳಿಗಾಲದ ಈ ತಿಂಗಳುಗಳಲ್ಲಿ ಹೆಣ್ಣಿನ ಕಡೆ ಮನಸ್ಸು ಹರಿದು ಊಟ ಬಿಡುವುದು ತೀರಾ ಸಾಮಾನ್ಯ. ಸಾಕಿದ ಹಾವಿನಲ್ಲೂ ಇದು ಹೋಗುವುದಿಲ್ಲ. ರಾತ್ರಿ ಡಬ್ಬದಲ್ಲಿ ಅತ್ತಿತ್ತ ಹರಿದಾಡುತ್ತಾ, ಆದರೆ ಇಲಿ ಮಾತ್ರ ಬೇಡ ಅನ್ನುತ್ತಿದ್ದರೆ ಇದೂ ಸೇರಿರಬಹುದು. ಮಾರ್ಚ್ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಪೊರೆ ಬಿಡುವ ಮುಂಚೆಯೂ ತಿನ್ನುವುದಿಲ್ಲ. ಕಣ್ಣು ನೀಲಿ ಹಾಲಿನ ಬಣ್ಣಕ್ಕೆ ತಿರುಗಿದರೆ ಅದು ಪೊರೆಯ ಗುರುತು. ಆಗ ಸರಿಯಾಗಿ ಕಣ್ಣು ಕಾಣದು, ಮುಟ್ಟಿದರೆ ಹಿಂಸೆ. ಒಂದೆರಡು ವಾರದ ಮಾತು. ನಮ್ಮ ಚಳಿಗಾಲದ ಗಾಳಿ ಒಣಗಾಳಿ ಬೇರೆ, ಪೊರೆ ತುಂಡು ತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ತೇವಾಂಶ 50–60 ಪರ್ಸೆಂಟ್ ಇರಲಿ, ಪೊರೆಯ ಸಮಯದಲ್ಲಿ 70ರವರೆಗೆ. ತುಮಕೂರಿನ ಕಡೆ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಪುಡಿ ಹಾಸಿ, ಒಂದು ಮೂಲೆಗೆ ನೀರು ಚಿಮುಕಿಸಿದರೆ ಸಾಕು. ಇಡೀ ಹಾಸು ಒದ್ದೆಯಾದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ.

ಈಗ ಇಲಿಯ ವಿಷಯ. ದಯವಿಟ್ಟು ಮನೆಯ ಬೋನಿಗೆ ಬಿದ್ದ ಇಲಿ ಕೊಡಬೇಡಿ. ಹೊಲದಲ್ಲಿ, ಅಟ್ಟದಲ್ಲಿ ಯಾರೋ ಇಲಿ ಪಾಷಾಣ ಇಟ್ಟಿರುತ್ತಾರೆ. ಪಾಷಾಣ ತಿಂದ ಇಲಿ ತಕ್ಷಣ ಸಾಯಬೇಕು ಅಂತೇನಿಲ್ಲ, ಓಡಾಡುತ್ತಾ ಇರಬಹುದು. ಅದನ್ನು ನುಂಗಿದ ಹಾವಿಗೂ ವಿಷ ಸೇರುತ್ತದೆ. ಸಾಕಿದ ಬಿಳಿ ಇಲಿಯೇ ಆಗಬೇಕು. ಜೀವಂತ ಇಲಿಯನ್ನು ಒಳಗೆ ಬಿಟ್ಟು ನೀವು ಮಲಗಿದರೆ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ತಿನ್ನುತ್ತದೆ. ಬೆನ್ನುಮೂಳೆ ಕಾಣುವಷ್ಟು ಕಡಿದದ್ದನ್ನು ನಾನೇ ಹೊಲಿದಿದ್ದೇನೆ. ಸತ್ತ ಇಲಿಯನ್ನೇ ಕೊಡಿ. ಫ್ರೀಜರಿನಲ್ಲಿ ಇಟ್ಟದ್ದಾದರೆ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ, ಮಾರನೇ ದಿನ ಪೂರ್ತಿ ಕರಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಇಡಿ. ಮೈಕ್ರೋವೇವ್ ಬೇಡ. ಈ ಹಾವಿನ ಮೇಲ್ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳ ಸಾಲಿದೆ. ಕತ್ತಲಲ್ಲಿ ಬಿಸಿ ಎಲ್ಲಿದೆ ಅಂತ ಅದು ಕಂಡುಕೊಳ್ಳುವುದು ಆ ಗುಳಿಗಳಿಂದ. ಇಲಿಯ ಮೈ 38–40 ಡಿಗ್ರಿ ಬಿಸಿ ಇದ್ದರೆ ಮಾತ್ರ ಅದಕ್ಕೆ ಬೇಟೆ ಅನ್ನಿಸುತ್ತದೆ. ತಣ್ಣನೆಯ ಇಲಿ ಅದರ ಪಾಲಿಗೆ ಒಂದು ಕಲ್ಲು. ಉದ್ದನೆಯ ಚಿಮಟದಲ್ಲಿ ಹಿಡಿದು, ಕತ್ತಲಾದ ಮೇಲೆ, ದೀಪ ಆರಿಸಿ ಕೊಡಿ. ಹಾವಿನ ಮೈಯ ದಪ್ಪ ಭಾಗಕ್ಕಿಂತ ಇಲಿ ದಪ್ಪ ಇರಬಾರದು. ತಿಂಗಳುಗಟ್ಟಲೆ ಖಾಲಿ ಇದ್ದ ಹೊಟ್ಟೆಗೆ ಮೊದಲ ಸಲ ಚಿಕ್ಕದೇ ಸರಿ.

ಇನ್ನು ತುರುಕುವ ಮಾತು. ನನ್ನ ಮೇಜಿಗೆ ಒಮ್ಮೆ ಒಂದು ಹಾವು ಬಂತು. ಸಾಕಿದವರು ಸ್ಪೂನಿನಿಂದ ಬಾಯಿ ತೆರೆದು ಕೋಳಿ ತುಂಡು ತಳ್ಳಿದ್ದರು. ಕೆಟ್ಟ ಮನಸ್ಸಿನವರಲ್ಲ, ಅಳುತ್ತಾ ಬಂದಿದ್ದರು. ಹಲ್ಲು ಮುರಿದು ಒಸಡು ಕೀವಾಗಿತ್ತು. ತಳ್ಳಿದ್ದನ್ನು ಹಾವು ಎರಡು ದಿನಕ್ಕೆ ಕಕ್ಕಿತ್ತು, ಕಕ್ಕುವಾಗ ಸ್ವಲ್ಪ ಶ್ವಾಸಕೋಶಕ್ಕೂ ಹೋಗಿತ್ತು. ಹನ್ನೊಂದು ದಿನ ಔಷಧಿ ಮಾಡಿದೆ, ಉಳಿಸಲು ಆಗಲಿಲ್ಲ. ಆ ಹಾವಿಗೆ ಮೊದಲು ಇದ್ದದ್ದು ಬರೀ ಚಳಿ. ಇವತ್ತಿಗೂ ನನಗೆ ಅದು ನೋವು. ನಿಜವಾಗಿ ಬೇಕಾದಾಗ ವೈದ್ಯರು ನಳಿಕೆಯಲ್ಲಿ ದ್ರವ ಆಹಾರ ಕೊಡುತ್ತಾರೆ. ಅದಕ್ಕೂ ಮುಂಚೆ ಮೈ ಬಿಸಿ ಮಾಡಿ, ನೀರಿನಂಶ ತುಂಬಿಸಿ, ಆಮೇಲೆ. ತಣ್ಣಗಿರುವ, ಒಣಗಿರುವ ಹಾವಿಗೆ ಆಹಾರ ಕೊಡುವುದೇ ಅಪಾಯ.

ಅಮ್ಮನಿಗೆ ಹೇಳಿ, ಅವರ ಕಾಳಜಿ ದೊಡ್ಡದು. ಆದರೆ ಹಾವು ಮೊಲೆಯುಣ್ಣುವ ಪ್ರಾಣಿ ಅಲ್ವಲ್ಲ, ಹಾಲು ಅರಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಪಂಚಮಿಯ ದಿನ ಹಾವಾಡಿಗರ ಬುಟ್ಟಿಯ ನಾಗರಹಾವು ಹಾಲು ಕುಡಿದದ್ದು ಕಂಡಿದ್ದರೆ, ಅದು ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಹಾವು. ಮುಂದೆ ಏನಿಟ್ಟರೂ ಕುಡಿಯುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ಬಟ್ಟಲು ತೊಳೆದು ಹೊಸ ನೀರು ಇಡಲಿ. ಹಾವಿಗೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಒಂದು ಗುರುತು ಕಂಡರೂ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸುಯ್ ಅನ್ನುವ ಶಬ್ದ, ಮೂಗು ಬಾಯಿಯಲ್ಲಿ ನೊರೆ, ಇದು ಶ್ವಾಸಕೋಶದ ಸೋಂಕು. ಚಳಿ ಹಿಡಿದ ಹಾವಿಗೆ ಬಹಳ ಬೇಗ ಬರುತ್ತದೆ. ಒಸಡಿನಲ್ಲಿ ಕೆಂಪು ಚುಕ್ಕೆ ಅಥವಾ ಗಿಣ್ಣಿನಂಥ ಕೀವು ಇದ್ದರೆ ಬಾಯಿ ಹುಣ್ಣು. ನೀರಿನ ಬಟ್ಟಲಲ್ಲಿ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ ಕಂಡರೆ, ಹಾವು ಯಾವಾಗಲೂ ನೀರಿನಲ್ಲೇ ಮುಳುಗಿ ಕೂತಿದ್ದರೆ, ಅದು ರಕ್ತ ಹೀರುವ ನುಸಿ. ತಲೆಯನ್ನು ಹಿಂದಕ್ಕೆ ತಿರುಚಿ ಆಕಾಶ ನೋಡುವಂತೆ ಮಾಡಿದರೆ ನರಕ್ಕೆ ಸಂಬಂಧಿಸಿದ ತೊಂದರೆ. ಹೊಲಸು ಸಿಕ್ಕರೆ ಸಣ್ಣ ಡಬ್ಬಿಯಲ್ಲಿ ಹಾಕಿ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ, ಜಂತುವಿನ ಮೊಟ್ಟೆ ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಹಾವು ನೋಡಿ ಅನುಭವ ಇರುವ ವೈದ್ಯರು ಬೆಂಗಳೂರಿನಲ್ಲಿ ಸಿಗುತ್ತಾರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಒಯ್ಯುವಾಗ ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ತೂತು ಮಾಡಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ. ಬೆಳಗಿನ ಜಾವದ ಬಸ್ಸು ಬೇಡ, ಬಿಸಿಲೇರಿದ ಮೇಲೆ ಹೊರಡಿ.

ನೋಂದಣಿ ಆಗಿದೆ ಅಂದದ್ದು ಸಮಾಧಾನ. ಇಂಥ ವಿದೇಶಿ ಜೀವಿಗಳಿಗೆ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಲೇಬೇಕು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ನಮ್ಮ ನೆಲದ ಕೇರೆಹಾವು, ನಾಗರಹಾವು, ಮಣ್ಣುಮುಕ್ಕ, ಹೆಬ್ಬಾವು ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹೊಲದಲ್ಲಿ ಸಿಕ್ಕ ಕೇರೆಹಾವು ಡಬ್ಬದಲ್ಲಿ ಊಟ ಬಿಟ್ಟಿದೆ ಅಂತ ನನಗೆ ಬರೆಯುವವರಿದ್ದಾರೆ. ಅವಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಸಿಕ್ಕ ಜಾಗದ ಹತ್ತಿರವೇ ಬಿಡುತ್ತಾರೆ.

ನಿಮಗೆ ಈಗ ಬೇಕಾಗಿರುವುದು ಎರಡು ಸಂಖ್ಯೆ. ನಿಮ್ಮ ಪತ್ರದಲ್ಲಿ ಎರಡೂ ಇಲ್ಲ. ಒಂದು, ಬೆಳಗಿನ ಐದು ಗಂಟೆಗೆ ಡಬ್ಬದ ಬಿಸಿ ತುದಿ ಎಷ್ಟು ಡಿಗ್ರಿ. ಮಧ್ಯಾಹ್ನದ ಸಂಖ್ಯೆ ನನಗೆ ಬೇಡ, ಚಪ್ಪಡಿ ತಣ್ಣಗಾಗುವುದು ಬೆಳಗಿನ ಆ ಹೊತ್ತಿಗೆ. ಎರಡು, ಹಾವಿನ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಚ್ಚಳ ಇರುವ ಖಾಲಿ ಡಬ್ಬ ಇಟ್ಟು ಸೊನ್ನೆ ಮಾಡಿ, ಹಾವನ್ನು ಒಳಗಿಟ್ಟು ತೂಗಿ, ಕ್ಯಾಲೆಂಡರಿನ ಮೇಲೆ ಬರೆಯಿರಿ. ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ. ತುಮಕೂರಿನಲ್ಲಿ ತೂಗಿದ ಲೆಕ್ಕ ಎಲ್ಲಾದರೂ ಇದ್ದರೆ ಹುಡುಕಿ. ಆಗ 1,150 ಗ್ರಾಂ ಇತ್ತು ಅಂದುಕೊಳ್ಳಿ, ಈಗ 1,120 ಇದ್ದರೆ ನಾನು ನಿಶ್ಚಿಂತೆಯಾಗಿ ಮಲಗುತ್ತೇನೆ. ಹತ್ತು ಪರ್ಸೆಂಟ್ ಇಳಿದು 1,035ಕ್ಕೆ ಬಂದಿದ್ದರೆ, ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಬೆನ್ನುಮೂಳೆ ಏಣಾಗಿ ಎದ್ದು, ಪಕ್ಕದ ಚರ್ಮ ಮಡಿಕೆ ಬಿದ್ದಿದ್ದರೆ ತಕ್ಕಡಿಗೂ ಕಾಯಬೇಡಿ.

ತಿಂದ ದಿನ ಖುಷಿಯಲ್ಲಿ ಎತ್ತಿ ಮುದ್ದಾಡಬೇಡಿ. 48 ಗಂಟೆ ಕೈ ಸೋಕದಿರಲಿ, ಬಿಸಿ ತುದಿ ಒಂದು ಡಿಗ್ರಿಯೂ ಇಳಿಯದಿರಲಿ. ಎರಡನೇ ಇಲಿ ಹತ್ತು ದಿನ ಬಿಟ್ಟು. ಆ ಎರಡು ಸಂಖ್ಯೆ ಸಿಕ್ಕ ಕೂಡಲೇ ಬರೆದು ಕಳಿಸಿ.